ಕಂಡೆನ್ಸರ್ ಕೆಳಗಿನ ಪೈಪು: ತುಂಬಿ ಹರಿಯಬೇಕೋ, ಉಸಿರಾಡಬೇಕೋ?

ಪ್ರಶ್ನೆ: ಸರ್, ಬೀದರ್‌ನ ಒಂದು ಔಷಧ ಕಾರ್ಖಾನೆಯಲ್ಲಿ ಸಾಲ್ವೆಂಟ್ ರಿಕವರಿ ವಿಭಾಗ ನೋಡಿಕೊಳ್ಳುತ್ತೇನೆ. ಮೆಥನಾಲ್ ಬಟ್ಟಿ ಇಳಿಸುವ ಕಾಲಮ್‌ನ ಹಳೆಯ ಕಂಡೆನ್ಸರ್ (ಆವಿಯನ್ನು ತಣಿಸಿ ದ್ರವ ಮಾಡುವ ಉಪಕರಣ) ತೆಗೆದು ದೊಡ್ಡದು ಕೂರಿಸಿದ್ದೇವೆ. ಮೊದಲು ಗಂಟೆಗೆ 3.5 ಘನ ಮೀಟರ್ ಕಂಡೆನ್ಸೇಟ್ ಬರುತ್ತಿತ್ತು, ಈಗ 6 ಬೇಕು. ಕಂಡೆನ್ಸರ್, ಆ ದ್ರವ ಬಂದು ಸೇರುವ ರಿಫ್ಲಕ್ಸ್ ಡ್ರಮ್‌ಗಿಂತ 4 ಮೀಟರ್ ಮೇಲಿದೆ. ಇಳಿಯುವ ಲೈನ್ ಹಳೆಯ 80 ಎನ್‌ಬಿಯೇ (ಎನ್‌ಬಿ ಅಂದರೆ ಪೈಪಿನ ನಾಮಮಾತ್ರ ಒಳವ್ಯಾಸ, ಮಿ.ಮೀ.ನಲ್ಲಿ). ಹೊಸ ಕಂಡೆನ್ಸರ್‌ನ ಲಿಕ್ವಿಡ್ ನಾಝಲ್ (ದ್ರವ ಹೊರಬರುವ ಬಾಯಿ) 50 ಎನ್‌ಬಿ, ರೆಡ್ಯೂಸರ್ ಹಾಕಿ ಸೇರಿಸಿದ್ದೇವೆ. ಜಾಗ ಸಾಲದೆ ಲೈನನ್ನು ಕೇಬಲ್ ಟ್ರೇ ಕೆಳಗೆ ಇಳಿಸಿ, ಅಲ್ಲಿಂದ 600 ಮಿ.ಮೀ. ಮೇಲೇರಿಸಿ ಡ್ರಮ್‌ನ ತಲೆಗೆ ಕೊಟ್ಟಿದ್ದೇವೆ. ಈಗ ನಾಲ್ಕೈದು ನಿಮಿಷಕ್ಕೊಮ್ಮೆ ಕಾಲಮ್ ಟಾಪ್ ಪ್ರೆಶರ್ ಚದರ ಸೆಂ.ಮೀ.ಗೆ 0.05ರಿಂದ 0.25 ಕೆಜಿಗೆ ಏರಿ ಇಳಿಯುತ್ತದೆ. ಕಾಲಮ್‌ಗೆ ಮರಳುವ ದ್ರವದ (ರಿಫ್ಲಕ್ಸ್) ಹರಿವು ಅಳೆಯುವ ರೋಟಾಮೀಟರ್ ಕುಣಿಯುತ್ತದೆ, ಪಂಪು ಒಮ್ಮೊಮ್ಮೆ ಖಾಲಿ ಓಡುತ್ತದೆ. ಕಂಡೆನ್ಸೇಟ್ 40 ಡಿಗ್ರಿಯಲ್ಲಿ ಬರುತ್ತಿದೆ. ಲೈನಿನ ವಾಲ್ವ್ ಅರ್ಧ ಮುಚ್ಚಿದರೆ ಕುಣಿತ ನಿಲ್ಲುತ್ತದೆ, ಆದರೆ ಎರಡು ಮೂರು ಗಂಟೆಯಲ್ಲಿ ಪ್ರೆಶರ್ ಮೆಲ್ಲಗೆ ಏರತೊಡಗುತ್ತದೆ. ಕಂಟ್ರಾಕ್ಟರ್ ದೊಡ್ಡ ಪಂಪು ಹಾಕಿ ಅನ್ನುತ್ತಾರೆ. ಹಾಕೋಣವೇ? ಹಳೆಯ ಕಂಡೆನ್ಸರನ್ನೂ ಪ್ಯಾರಲಲ್ ಆಗಿ ಜೋಡಿಸಬಹುದೇ? ಇನ್ನೊಂದು ಸಂದೇಹ: ಕೆಲವು ಡ್ರಾಯಿಂಗ್‌ಗಳಲ್ಲಿ ಡ್ರಮ್ಮೇ ಮೇಲೆ, ಕಂಡೆನ್ಸರ್ ಕೆಳಗೆ ಇರುತ್ತದಲ್ಲ, ಅದು ಹೇಗೆ ನಡೆಯುತ್ತದೆ?

ಉತ್ತರ: ಪಂಪಿನ ವಿಚಾರ ಸದ್ಯಕ್ಕೆ ಬಿಡಿ. ಡ್ರಮ್‌ಗೆ ಬಾರದ ಮೆಥನಾಲನ್ನು ಎಷ್ಟು ದೊಡ್ಡ ಪಂಪು ತಂದರೂ ಎತ್ತಲು ಆಗುವುದಿಲ್ಲ. ತೊಂದರೆ ಪಂಪಿಗಿಂತ ಮೇಲೆ, ಕಂಡೆನ್ಸರ್ ಹೊಟ್ಟೆಯಿಂದ ಡ್ರಮ್ ತಲೆಯವರೆಗಿನ ಆ ಪೈಪಿನಲ್ಲಿದೆ.

ಈ ಪೈಪನ್ನು ಎಲ್ಲರೂ ಕಡೆಗಣಿಸುತ್ತಾರೆ. ಕಂಡೆನ್ಸರ್‌ಗೆ ಪುಟಗಟ್ಟಲೆ ಡೇಟಾಶೀಟ್, ಕಾಲಮ್‌ಗೆ ಸಿಮ್ಯುಲೇಶನ್, ಪಂಪಿಗೆ ಕರ್ವ್. ಪೈಪಿಗೆ ಮಾತ್ರ "ಗ್ರಾವಿಟಿ ಲೈನ್ ಅಲ್ವಾ, ಇಳಿದು ಹೋಗುತ್ತೆ ಬಿಡಿ". ಒತ್ತಡ ನಷ್ಟದ ಲೆಕ್ಕ ಹಾಕಿದವರಿಗೂ ಇಲ್ಲಿ ಮೋಸವಾಗುತ್ತದೆ. ನಿಮ್ಮ 50 ಎನ್‌ಬಿ ನಾಝಲ್ ನೋಡಿ. ಒಳವ್ಯಾಸ 52.5 ಮಿ.ಮೀ. ಗಂಟೆಗೆ 6 ಘನ ಮೀಟರ್ ಹೋದರೆ ವೇಗ ಸೆಕೆಂಡಿಗೆ 0.77 ಮೀಟರ್. ಇಷ್ಟು ವೇಗದಲ್ಲಿ ದ್ರವವನ್ನು ನಾಝಲ್‌ಗೆ ನೂಕಲು ಅದರ ಮೇಲೆ 5 ಸೆಂ.ಮೀ. ಮೆಥನಾಲ್ ನಿಂತರೆ ಸಾಕು. 4 ಮೀಟರ್ ಎತ್ತರ ಇರುವಾಗ 5 ಸೆಂ.ಮೀ. ಯಾವ ಲೆಕ್ಕ? ಹಾಗಾಗಿ ಫ್ಯಾಬ್ರಿಕೇಟರ್ ತನ್ನ ಮಾಮೂಲಿ 50 ನಾಝಲ್ ಕೊಟ್ಟ, ನಿಮ್ಮ ಕಡೆಯವರು ಡ್ರಾಯಿಂಗ್ ಪಾಸ್ ಮಾಡಿದರು.

ಆ ಲೆಕ್ಕ ಸರಿ. ಆದರೆ ಅದು ಪೈಪಿನಲ್ಲಿ ದ್ರವ ಮಾತ್ರ ಇದೆ ಎಂದುಕೊಂಡು ಹಾಕಿದ ಲೆಕ್ಕ. ನಿಜದಲ್ಲಿ ದ್ರವ ಕೆಳಗೆ ಹೋಗುವಾಗ ಡ್ರಮ್‌ನಲ್ಲಿದ್ದ ಆವಿ ಮತ್ತು ಗಾಳಿ ಮೇಲೆ ಬರಲು ದಾರಿ ಹುಡುಕುತ್ತವೆ. ಕಿರಿದಾದ ಬಾಯಿಯ ಕ್ಯಾನಿಗೆ ಲಾಳಿಕೆ ಬಿಗಿಯಾಗಿ ಕೂರಿಸಿ ಎಣ್ಣೆ ಹೊಯ್ದು ನೋಡಿ. ಎಣ್ಣೆ ಲಾಳಿಕೆಯಲ್ಲೇ ನಿಲ್ಲುತ್ತದೆ, ಆಮೇಲೆ ಗುಳುಕ್ ಎಂದು ಒಂದಷ್ಟು ಇಳಿಯುತ್ತದೆ, ಮತ್ತೆ ನಿಲ್ಲುತ್ತದೆ. ಲಾಳಿಕೆಯನ್ನು ತುಸು ಎತ್ತಿ ಹಿಡಿದರೆ ಸರಾಗ. ನಿಮ್ಮ ಕಂಡೆನ್ಸರ್ ಮಾಡುತ್ತಿರುವುದು ಅದನ್ನೇ.

ಈ ಪೈಪನ್ನು ನಡೆಸಲು ಎರಡೇ ಸರಿಯಾದ ದಾರಿ. ಒಂದು, ಪೈಪು ಎಷ್ಟು ದೊಡ್ಡದಿರಬೇಕೆಂದರೆ ದ್ರವ ಗೋಡೆಗುಂಟ ಇಳಿಯಬೇಕು, ನಡುವೆ ಆವಿ ಆರಾಮವಾಗಿ ಮೇಲೇರಬೇಕು. ಇದನ್ನು ಸೆಲ್ಫ್ ವೆಂಟಿಂಗ್ ಲೈನ್ ಅನ್ನುತ್ತಾರೆ. ಎರಡು, ಪೈಪು ಸದಾ ದ್ರವದಿಂದ ತುಂಬಿಯೇ ಇರಬೇಕು, ಆವಿಗೆ ಅಲ್ಲಿ ಕೆಲಸವೇ ಇರಬಾರದು; ಆಗ ಆವಿಗೆ ಬೇರೆ ಪೈಪು ಕೊಡಲೇಬೇಕು. ಈ ಎರಡರ ನಡುವೆ ಸಿಕ್ಕಿಕೊಂಡ ಪೈಪು ಗುಳುಗುಳು ಅನ್ನುತ್ತಲೇ ಇರುತ್ತದೆ. ಡಿಸೈನ್ ಮಾಡುವಾಗಲೇ ಯಾವುದು ಎಂದು ತೀರ್ಮಾನಿಸಿ ಪಿ ಅಂಡ್ ಐಡಿ (ಪೈಪು, ಉಪಕರಣಗಳ ನಕ್ಷೆ) ಮೇಲೆ ಬರೆದುಬಿಡಬೇಕು. ಇಲ್ಲವಾದರೆ ಪೈಪಿಂಗ್ ಹುಡುಗರು ತಮಗೆ ಅನುಕೂಲವಾದಂತೆ ಎಳೆಯುತ್ತಾರೆ. ಅವರದೇನೂ ತಪ್ಪಿಲ್ಲ.

ಯಾವ ಪೈಪು ಯಾವ ಕಡೆ ಬೀಳುತ್ತದೆ ಎಂದು ತಿಳಿಯಲು ಫ್ರೂಡ್ ಸಂಖ್ಯೆ ಇದೆ. ಹಡಗುಗಳ ಮೇಲೆ ಕೆಲಸ ಮಾಡಿದ ವಿಲಿಯಂ ಫ್ರೂಡ್ ಹೆಸರಿನದು, ನಮ್ಮ ಪೈಪಿಗೂ ಒದಗುತ್ತದೆ. ವೇಗವನ್ನು, ಗುರುತ್ವ ಗುಣಿಸು ಒಳವ್ಯಾಸದ ವರ್ಗಮೂಲದಿಂದ ಭಾಗಿಸಿ. ಉತ್ತರ 0.3ರ ಒಳಗಿದ್ದರೆ ಪೈಪು ತಾನೇ ಉಸಿರಾಡುತ್ತದೆ. 2ರ ಮೇಲಿದ್ದರೆ ಆವಿಯನ್ನೆಲ್ಲ ಎಳೆದುಕೊಂಡು ಹೋಗಿ ತುಂಬಿ ಹರಿಯುತ್ತದೆ. ನಡುವಿನದು ಗಲಾಟೆಯ ಜಾಗ. ದಿನಬಳಕೆಗೆ ಸುಲಭದ ಸೂತ್ರ ಬೇಕಾದರೆ, ಗಂಟೆಗೆ ಇಷ್ಟು ಘನ ಮೀಟರ್ ಎಂಬ ಹರಿವಿನ 0.4ನೇ ಘಾತ ತೆಗೆದು 42.7ರಿಂದ ಗುಣಿಸಿ. ಬರುವುದು ಮಿ.ಮೀ.ನಲ್ಲಿ ಕನಿಷ್ಠ ಒಳವ್ಯಾಸ. ನಿಮ್ಮ 6ಕ್ಕೆ 87 ಮಿ.ಮೀ. ಬರುತ್ತದೆ. ಅಂದರೆ 100 ಎನ್‌ಬಿ.

ಈಗ ನಿಮ್ಮ ಕಥೆ ಬಿಡಿಸಿಕೊಳ್ಳುತ್ತದೆ. ಹಳೆಯ 3.5 ಘನ ಮೀಟರ್‌ಗೆ 80 ಎನ್‌ಬಿ ಪೈಪಿನ ಫ್ರೂಡ್ ಸಂಖ್ಯೆ 0.23. ಚೆನ್ನಾಗಿಯೇ ಇತ್ತು, ಯಾರೂ ಅದರ ಕಡೆ ತಿರುಗಿ ನೋಡಬೇಕಾಗಿರಲಿಲ್ಲ. ಈಗ 6 ಘನ ಮೀಟರ್‌ಗೆ ಅದೇ ಪೈಪು 0.40. ಗೆರೆ ದಾಟಿತು. ಅದಕ್ಕಿಂತ ದೊಡ್ಡ ಪೆಟ್ಟು ನಾಝಲ್‌ನದು. 50 ಎನ್‌ಬಿಗೆ 1.07 ಬರುತ್ತದೆ, ಗಲಾಟೆಯ ಜಾಗದ ನಟ್ಟನಡುವೆ. ಕೆಳಗೆ ಎಷ್ಟೇ ದೊಡ್ಡ ಪೈಪು ಹಾಕಿದರೂ ಬಾಯಿ 50 ಇದ್ದರೆ ಪ್ರಯೋಜನ ಇಲ್ಲ, ಉಸಿರು ಕಟ್ಟುವುದು ಬಾಯಿಯಲ್ಲೇ. ಲೈನ್ ಸೈಜ್ ಮಾಡುವವರು ಒಂದು ಡಿಪಾರ್ಟ್‌ಮೆಂಟ್, ನಾಝಲ್ ಸೈಜ್ ಮಾಡುವವರು ಇನ್ನೊಂದು ಆದಲ್ಲೆಲ್ಲ ಇದು ನಡೆಯುತ್ತದೆ.

ಇದರ ಮೇಲೆ ಕೇಬಲ್ ಟ್ರೇ ಕೆಳಗಿನ ಆ ಪಾಕೆಟ್. 600 ಮಿ.ಮೀ. ಮೇಲೇರುವ ಪೈಪಿನ ಕೆಳಗಿನ ಬಾಗಿನಲ್ಲಿ ಸದಾ ಮೆಥನಾಲ್ ನಿಂತಿರುತ್ತದೆ. ದ್ರವ ನಿಂತ ಕಡೆ ಆವಿ ಹಿಂದೆ ಬರಲಾರದು. ಅಂದರೆ ಪಾಕೆಟ್ ಇರುವವರೆಗೂ 100 ಅಲ್ಲ, 200 ಎನ್‌ಬಿ ಹಾಕಿದರೂ ಅದು ಸೆಲ್ಫ್ ವೆಂಟಿಂಗ್ ಆಗುವುದಿಲ್ಲ.

ಹಾಗಾದರೆ ನಾಲ್ಕೈದು ನಿಮಿಷದ ಕುಣಿತ ಎಲ್ಲಿಂದ? ದ್ರವ ಸರಿಯಾಗಿ ಇಳಿಯದೆ ಕಂಡೆನ್ಸರ್‌ನ ಹೊರಚಿಪ್ಪಿನಲ್ಲೇ (ಶೆಲ್) ಏರುತ್ತದೆ. ಒಳಗೆ ತಣ್ಣೀರು ಹರಿಯುವ ಟ್ಯೂಬ್‌ಗಳು ಕೆಳಗಿನಿಂದ ಒಂದೊಂದೇ ಸಾಲು ಮುಳುಗುತ್ತವೆ. ಮುಳುಗಿದ ಟ್ಯೂಬಿನ ಮೇಲೆ ಆವಿ ಕಂಡೆನ್ಸ್ ಆಗುವುದಿಲ್ಲ, ನಿಂತ ದ್ರವ ಇನ್ನಷ್ಟು ತಣ್ಣಗಾಗುತ್ತದೆ ಅಷ್ಟೇ. ಕಂಡೆನ್ಸ್ ಆಗುವ ಜಾಗ ಕಡಿಮೆಯಾದಂತೆ ಟಾಪ್ ಪ್ರೆಶರ್ ಏರುತ್ತದೆ. ಏರಿದ ಪ್ರೆಶರ್ ಕೊನೆಗೆ ದ್ರವವನ್ನೆಲ್ಲ ಒಂದೇ ಸಲ ಡ್ರಮ್‌ಗೆ ತಳ್ಳುತ್ತದೆ. ಟ್ಯೂಬ್‌ಗಳು ಬರಿದಾಗಿ ತೆರೆದುಕೊಳ್ಳುತ್ತವೆ, ಪ್ರೆಶರ್ ದಬಕ್ಕನೆ ಇಳಿಯುತ್ತದೆ, ಮತ್ತೆ ಮೊದಲಿನಿಂದ. ನಿಮ್ಮ 40 ಡಿಗ್ರಿ ಕಂಡೆನ್ಸೇಟೇ ಇದಕ್ಕೆ ಸಾಕ್ಷಿ. ಮೆಥನಾಲ್ ಸಮುದ್ರಮಟ್ಟದಲ್ಲಿ 64.7 ಡಿಗ್ರಿಗೆ ಕುದಿಯುತ್ತದೆ, ನಿಮ್ಮ ಬೀದರ್‌ನ ಎತ್ತರಕ್ಕೆ ಸುಮಾರು ಎರಡು ಡಿಗ್ರಿ ಕಡಿಮೆ. ಆಗತಾನೇ ಕಂಡೆನ್ಸ್ ಆಗಿ ಇಳಿದದ್ದು 55ರಿಂದ 60ರ ಆಸುಪಾಸಿನಲ್ಲಿ ಬರಬೇಕು. 40 ಅಂದರೆ ಅದು ತಣ್ಣನೆಯ ಟ್ಯೂಬ್‌ಗಳ ನಡುವೆ ನಿಂತು ಬಂದಿದೆ.

ನಂಬಿಕೆ ಬಾರದಿದ್ದರೆ ಐಆರ್ ಗನ್ ಹಿಡಿದು ಶೆಲ್ ಹೊರಮೈ ನೋಡಿ. ಒಂದು ಎಚ್ಚರ: ಹೊಳೆಯುವ ಸ್ಟೇನ್‌ಲೆಸ್ ಸ್ಟೀಲ್ ಮೇಲೆ ಐಆರ್ ಗನ್ ಸುಳ್ಳು ಹೇಳುತ್ತದೆ, ಕಡಿಮೆ ತೋರಿಸುತ್ತದೆ. ಶೆಲ್‌ನ ಒಂದು ಕಡೆ ಮೇಲಿನಿಂದ ಕೆಳಗೆ ಕಪ್ಪು ಇನ್ಸುಲೇಶನ್ ಟೇಪಿನ ತುಂಡುಗಳನ್ನು ಅಂಗೈ ಅಗಲಕ್ಕೊಂದರಂತೆ ಅಂಟಿಸಿ, ಅವುಗಳ ಮೇಲೆ ಗುರಿ ಇಡಿ. ಒಂದು ತುಂಡಿನಿಂದ ಕೆಳಗಿನ ತುಂಡಿಗೆ ಬರುವಾಗ ತಾಪ ತಟ್ಟನೆ ಬಿದ್ದರೆ ದ್ರವದ ಮಟ್ಟ ಅಲ್ಲಿದೆ. ಕುಣಿತದ ಜೊತೆ ಆ ಗೆರೆಯೂ ಏರಿ ಇಳಿಯುವುದು ಕಾಣಬೇಕು.

ವಾಲ್ವ್ ಅರ್ಧ ಮುಚ್ಚಿದರೆ ಕುಣಿತ ನಿಲ್ಲುತ್ತದೆ ಎಂದಿರಲ್ಲ, ನನಗೆ ಇಡೀ ಪತ್ರದಲ್ಲಿ ಮುಖ್ಯ ಅನಿಸಿದ ಸಾಲು ಅದೇ. ವಾಲ್ವ್ ಮುಚ್ಚಿದಾಗ ಅದರ ಮೇಲಿನ ಪೈಪು ಪೂರ್ತಿ ತುಂಬಿಕೊಳ್ಳುತ್ತದೆ. ಗೊತ್ತಿಲ್ಲದೆ ನೀವು ಎರಡನೇ ದಾರಿಗೆ ಬಂದಿರಿ. ಆದರೆ ಆ ದಾರಿಯ ಅರ್ಧ ಷರತ್ತು ಮಾತ್ರ ಪೂರೈಸಿದಿರಿ. ಫೀಡ್ ಜೊತೆ ಬರುವ ನೈಟ್ರೋಜನ್, ಗಾಳಿ ಎಲ್ಲವೂ ಕಂಡೆನ್ಸರ್‌ಗೆ ಬರುತ್ತವೆ, ಕಂಡೆನ್ಸ್ ಆಗುವುದಿಲ್ಲ. ಮೊದಲು ಅವು ದ್ರವದ ಜೊತೆ ಡ್ರಮ್‌ಗೆ ಜಾರಿ ವೆಂಟ್ ಸೇರುತ್ತಿದ್ದವು. ಈಗ ಪೈಪು ತುಂಬಿರುವುದರಿಂದ ದಾರಿ ಬಂದ್. ತಣ್ಣನೆಯ ತುದಿಯಲ್ಲಿ ಗುಂಪುಗೂಡಿ ಟ್ಯೂಬ್‌ಗಳ ಸುತ್ತ ಹೊದಿಕೆಯಾಗಿ ಕೂರುತ್ತವೆ. ಎರಡು ಮೂರು ಗಂಟೆಯಲ್ಲಿ ಪ್ರೆಶರ್ ಮೆಲ್ಲಗೆ ಏರುವುದು ಅದಕ್ಕೇ. ಆವಿ ಶೆಲ್ ಕಡೆ ಬರುವ ಅಡ್ಡ ಕಂಡೆನ್ಸರ್ ಆದರೆ, ಆವಿ ಒಳಬರುವ ನಾಝಲ್‌ಗೆ ದೂರದ ತುದಿಯಲ್ಲಿ ಮೇಲೆ ಒಂದು ಚಿಕ್ಕ ವೆಂಟ್ ನಾಝಲ್ ಇರುತ್ತದೆ. ಹೋಗಿ ನೋಡಿ. ಬ್ಲೈಂಡ್ ಫ್ಲ್ಯಾಂಜ್ ಹಾಕಿ ಮುಚ್ಚಿರುತ್ತಾರೆ ಎಂಬುದು ನನ್ನ ಊಹೆ.

ಇನ್ನು ರಿಪೇರಿ. ಎಲ್ಲಕ್ಕಿಂತ ಮೊದಲು ಡ್ರಮ್‌ನ ವೆಂಟ್ ದಾರಿ ತೆರೆದಿದೆಯೇ ನೋಡಿ: ವೆಂಟ್ ಕಂಡೆನ್ಸರ್, ಅದರಾಚೆಯ ಫ್ಲೇಮ್ ಅರೆಸ್ಟರ್ (ಬೆಂಕಿ ಒಳನುಗ್ಗದಂತೆ ತಡೆಯುವ ಜಾಲರಿ). ಅರೆಸ್ಟರ್ ಜಾಲರಿಗೆ ಧೂಳು, ಜಿಡ್ಡು ಕೂತರೆ ಇಡೀ ಲೆಕ್ಕ ತಲೆಕೆಳಗಾಗುತ್ತದೆ.

ಆಮೇಲೆ ಆ ವೆಂಟ್ ನಾಝಲ್‌ನಿಂದ ಡ್ರಮ್‌ನ ತಲೆಗೆ ಒಂದು ಈಕ್ವಲೈಸಿಂಗ್ ಲೈನ್ (ಎರಡೂ ಕಡೆಯ ಒತ್ತಡ ಸರಿದೂಗಿಸುವ ಪೈಪು) ಎಳೆಯಿರಿ. 25 ಎನ್‌ಬಿ ಆದೀತು, 40 ಆದರೆ ನೆಮ್ಮದಿ. ಉದ್ದಕ್ಕೂ ಡ್ರಮ್ ಕಡೆಗೆ ಇಳಿಜಾರು ಇರಲಿ. ಇಲ್ಲಿಯೂ ಪಾಕೆಟ್ ಬಿಟ್ಟರೆ ಅದರಲ್ಲಿ ಮೆಥನಾಲ್ ನಿಂತು ಲೈನು ಇದ್ದೂ ಇಲ್ಲದಂತಾಗುತ್ತದೆ. ಲೈನನ್ನು ಎಲ್ಲಿಂದ ತೆಗೆಯುತ್ತೀರಿ ಎಂಬುದು ಬಹಳ ಮುಖ್ಯ. ಹತ್ತಿರ ಇದೆ ಎಂದು ಕಾಲಮ್‌ನ ಓವರ್‌ಹೆಡ್ ಆವಿ ಲೈನ್‌ನಿಂದ ತೆಗೆಯಬೇಡಿ. ಕಂಡೆನ್ಸರ್ ದಾಟುವಾಗ ಆವಿ 0.03 ಕೆಜಿ ಒತ್ತಡ ಕಳೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಒಳಬರುವ ಕಡೆಯಿಂದ ತೆಗೆದರೆ ಡ್ರಮ್‌ನ ಪ್ರೆಶರ್ ಕಂಡೆನ್ಸರ್ ಹೊರಬಾಯಿಗಿಂತ ಅಷ್ಟು ಜಾಸ್ತಿ ಆಗುತ್ತದೆ, ಅದನ್ನು ಮೀರಲು ಪೈಪಿನಲ್ಲಿ 40 ಸೆಂ.ಮೀ. ಮೆಥನಾಲ್ ನಿಲ್ಲಬೇಕು. ಅದಾದರೂ ಹೋಗಲಿ, ಬಿಸಿ ಆವಿ ಕಂಡೆನ್ಸರ್‌ಗೆ ಹೋಗದೆ ನೇರ ಡ್ರಮ್‌ಗೆ ಬಂದು ನಿಮ್ಮ ವೆಂಟ್‌ನಲ್ಲಿ ಹಾರಿಹೋಗುತ್ತದೆ. ಹೋಗುವುದು ದುಡ್ಡು ಕೊಟ್ಟು ಕೊಂಡ ಸಾಲ್ವೆಂಟ್, ಮೇಲೆ ಬೆಂಕಿಯ ಅಪಾಯ. ತಣ್ಣನೆಯ ತುದಿಯಿಂದಲೇ ತೆಗೆಯಿರಿ.

ಬಹುಶಃ ಇಷ್ಟರಲ್ಲೇ ಕುಣಿತದ ಮುಕ್ಕಾಲು ಪಾಲು ನಿಲ್ಲುತ್ತದೆ. ಪಾಕೆಟ್ ಇದ್ದರೂ ಪರವಾಗಿಲ್ಲ, ಯಾಕೆಂದರೆ ಆವಿಗೆ ಈಗ ಬೇರೆ ದಾರಿ ಸಿಕ್ಕಿದೆ. ಪಾಕೆಟ್ ಸುಮ್ನೆ ಒಂದು ಸೀಲ್ ಆಗಿ ಕೂರುತ್ತದೆ. ಆದರೆ ಮುಂದಿನ ಶಟ್‌ಡೌನ್‌ನಲ್ಲಿ ಪೂರ್ತಿ ಸರಿ ಮಾಡಿಕೊಳ್ಳಿ ಎಂಬುದೇ ನನ್ನ ಸಲಹೆ. ಕಂಡೆನ್ಸರ್‌ಗೆ 100 ಎನ್‌ಬಿ ನಾಝಲ್, ಶೆಲ್‌ನ ತೀರಾ ತಳದಲ್ಲಿ, ಒಳಗೆ ಚಾಚಿಕೊಳ್ಳದಂತೆ. ಪೈಪು ಮೊದಲು ಸ್ವಲ್ಪ ದೂರ ನೆಟ್ಟಗೆ ಇಳಿಯಲಿ, ನಾಝಲ್ ಬುಡದಲ್ಲೇ ಎಲ್ಬೋ ಕೊಡಬೇಡಿ. 100 ಎನ್‌ಬಿಯಲ್ಲಿ ಫ್ರೂಡ್ ಸಂಖ್ಯೆ 0.20 ಆಗುತ್ತದೆ, ಮುಂದೆ ಲೋಡ್ ಒಂದಿಷ್ಟು ಏರಿಸಿದರೂ ತಡೆಯುತ್ತದೆ. ಅಡ್ಡ ಹೋಗುವ ಕಡೆ 50ಕ್ಕೆ 1ರಷ್ಟಾದರೂ ಇಳಿಜಾರು ಬೇಕು. ಮೇಲೆ ಹೇಳಿದ 0.3ರ ನಿಯಮ ನೆಟ್ಟಗೆ ಇಳಿಯುವ ಪೈಪಿನದು. ಅಡ್ಡ ಪೈಪಿನಲ್ಲಿ ದ್ರವ ಅರ್ಧಕ್ಕಿಂತ ಹೆಚ್ಚು ತುಂಬಬಾರದು ಎಂದು ಬೇರೆಯಾಗಿಯೇ ನೋಡಿಕೊಳ್ಳಬೇಕು. ಕೇಬಲ್ ಟ್ರೇ ಸರಿಸುವುದು ಎಲೆಕ್ಟ್ರಿಕಲ್‌ನವರಿಗೆ ತಲೆನೋವು, ಆದರೂ ಕೇಳಿ ನೋಡಿ. ಪೈಪಿನ ತುದಿ ಡ್ರಮ್‌ನ ಆವಿ ಜಾಗಕ್ಕೆ ಬಂದು ನಿಲ್ಲಲಿ. ಟಾಲೂಯಿನ್‌ನಂಥ ಸಾಲ್ವೆಂಟ್ ಅನ್ನೂ ಇದೇ ಡ್ರಮ್‌ನಲ್ಲಿ ಓಡಿಸುವವರಾದರೆ ಸ್ಟ್ಯಾಟಿಕ್ ವಿದ್ಯುತ್ತಿನ ಕಿಡಿಯ ಭಯಕ್ಕೆ ಡಿಪ್ ಪೈಪ್ ಬೇಕಾಗುತ್ತದೆ. ಆಗ ತುದಿ ದ್ರವದಲ್ಲಿ ಮುಳುಗಿ ಉಸಿರಿನ ದಾರಿ ಮುಚ್ಚುತ್ತದೆ, ಈಕ್ವಲೈಸಿಂಗ್ ಲೈನ್ ಖಾಯಂ ಬೇಕೇ ಬೇಕು. ಮೆಥನಾಲ್ ಮಾತ್ರ ಆದರೆ ಆ ಚಿಂತೆ ಕಡಿಮೆ, ಅದು ವಿದ್ಯುತ್ ಹರಿಯಬಿಡುವ ದ್ರವ.

ಆ ವಾಲ್ವ್ ವಿಚಾರ ಖಡಾಖಂಡಿತವಾಗಿ ಹೇಳುತ್ತೇನೆ. ಕಂಡೆನ್ಸರ್‌ನಿಂದ ಡ್ರಮ್‌ಗೆ ಇಳಿಯುವ ಲೈನಿನಲ್ಲಿ ಯಾರು ಬೇಕಾದರೂ ತಿರುಗಿಸಬಹುದಾದ ವಾಲ್ವ್ ಇರಕೂಡದು. ರಾತ್ರಿ ಪಾಳಿಯಲ್ಲಿ ಯಾರೋ ಪೂರ್ತಿ ಮುಚ್ಚಿದರೆ ಕಂಡೆನ್ಸರ್ ತುಂಬುತ್ತದೆ, ಕೆಳಗೆ ಕಾಲಮ್ ತಳ ಕಾಯಿಸುವ ರೀಬಾಯ್ಲರ್‌ನ ಸ್ಟೀಮ್ ಓಡುತ್ತಲೇ ಇರುತ್ತದೆ. ಸೇಫ್ಟಿ ವಾಲ್ವ್ ಕಾಲಮ್ ತಲೆಯ ಮೇಲಿಲ್ಲದೆ ಡ್ರಮ್ ಮೇಲೆ ಇದ್ದರಂತೂ ಕಾಲಮ್‌ಗೆ ರಕ್ಷಣೆಯೇ ಇಲ್ಲ. ತೆಗೆದುಬಿಡಿ, ಇಲ್ಲವೇ ತೆರೆದ ಸ್ಥಿತಿಯಲ್ಲಿ ಬೀಗ ಹಾಕಿ.

ಇದೆಲ್ಲ ಸರಿಯಾದ ಮೇಲೆ ಪಂಪು ಒಂದು ಹೊಸ ತಕರಾರು ತೆಗೆಯಬಹುದು. ಈಗ ಡ್ರಮ್‌ಗೆ 40 ಡಿಗ್ರಿಯ ಮೆಥನಾಲ್ ಬರುತ್ತಿದೆ. ಅದರ ಆವಿ ಒತ್ತಡ ಸುಮಾರು 35 ಕಿಲೋಪಾಸ್ಕಲ್. ಕಂಡೆನ್ಸರ್ ಸರಿಯಾಗಿ ಖಾಲಿಯಾಗತೊಡಗಿದರೆ ದ್ರವ 60 ಡಿಗ್ರಿ ಹತ್ತಿರ ಬರುತ್ತದೆ, ಆಗ ಆವಿ ಒತ್ತಡ 84 ಕಿಲೋಪಾಸ್ಕಲ್‌ನಷ್ಟು. ಈ ವ್ಯತ್ಯಾಸ ಮೆಥನಾಲ್ ಎತ್ತರದಲ್ಲಿ 6 ಮೀಟರ್‌ಗಿಂತ ಜಾಸ್ತಿ. ಅಷ್ಟೂ ನಿಮ್ಮ ಪಂಪಿಗೆ ಸಿಗುವ ಎನ್‌ಪಿಎಸ್‌ಎಚ್‌ನಿಂದ (ದ್ರವ ಪಂಪಿನೊಳಗೆ ಕುದಿಯದಂತೆ ಸಕ್ಷನ್‌ನಲ್ಲಿ ಇರಬೇಕಾದ ಒತ್ತಡದ ಮೀಸಲು) ಕಡಿತ. ಹಾಗಾಗಿ ಡ್ರಮ್ ತಳದಿಂದ ಪಂಪಿನವರೆಗಿನ ಎತ್ತರ ಅಳೆಯಿರಿ, ಸಕ್ಷನ್ ಸ್ಟ್ರೈನರ್ ತೊಳೆಸಿ, ಕರ್ವ್‌ನಲ್ಲಿ ಕೇಳಿರುವ ಎನ್‌ಪಿಎಸ್‌ಎಚ್ ಜೊತೆ ಹೋಲಿಸಿ. ಕೊರತೆ ಬಂದರೆ ಡ್ರಮ್ ಎತ್ತರಿಸುವುದೋ, ಸಕ್ಷನ್ ಲೈನ್ ದೊಡ್ಡದು ಮಾಡುವುದೋ, ಎನ್‌ಪಿಎಸ್‌ಎಚ್ ಕಡಿಮೆ ಕೇಳುವ ಪಂಪೋ ನೋಡಬೇಕು. ನಿಮ್ಮ ಕಂಟ್ರಾಕ್ಟರ್ ಹೇಳುವ ದೊಡ್ಡ ಪಂಪು ಸಾಮಾನ್ಯವಾಗಿ ಕೇಳುವುದು ಹೆಚ್ಚು ಎನ್‌ಪಿಎಸ್‌ಎಚ್. ಪ್ರಾಡಕ್ಟ್ ತಣ್ಣಗೆ ಬೇಕಿದ್ದರೆ ಸ್ಟೋರೇಜ್‌ಗೆ ಹೋಗುವ ಲೈನಿನಲ್ಲಿ ಒಂದು ಚಿಕ್ಕ ಕೂಲರ್ ಹಾಕಿ. ಮುಖ್ಯ ಕಂಡೆನ್ಸರನ್ನು ಮುಳುಗಿಸಿ ತಣ್ಣಗೆ ಮಾಡುವುದು ದುಬಾರಿ ಉಪಾಯ.

ಡ್ರಮ್ ಮೇಲೆ, ಕಂಡೆನ್ಸರ್ ಕೆಳಗೆ ಇರುವ ಡ್ರಾಯಿಂಗ್ ಕೇಳಿದಿರಿ. ಅದು ಹಾಟ್ ವೇಪರ್ ಬೈಪಾಸ್. ಪ್ರೊಪೇನ್, ಬ್ಯೂಟೇನ್ ಬೇರ್ಪಡಿಸುವ ರಿಫೈನರಿ ಕಾಲಮ್‌ಗಳಲ್ಲಿ ಕಾಣುತ್ತದೆ. ಭಾರದ ಕಂಡೆನ್ಸರ್‌ಗಳನ್ನು ಮೇಲೆ ಎತ್ತಿ ಕೂರಿಸುವ ಖರ್ಚು ಉಳಿಸಲು ನೆಲದ ಮೇಲೇ ಇಡುತ್ತಾರೆ. ಆವಿಯ ಒಂದು ಪಾಲನ್ನು ಕಂಟ್ರೋಲ್ ವಾಲ್ವ್ ಮೂಲಕ ನೇರ ಡ್ರಮ್ ತಲೆಗೆ ಕೊಡುತ್ತಾರೆ. ಡ್ರಮ್‌ನ ದ್ರವದ ಮೇಲ್ಪದರ ಬಿಸಿಯಾಗಿ ಅಲ್ಲಿನ ಒತ್ತಡವನ್ನು ಹಿಡಿದಿಡುತ್ತದೆ. ಬೈಪಾಸ್ ತೆರೆದಷ್ಟೂ ಡ್ರಮ್ ಒತ್ತಡ ಏರಿ ದ್ರವವನ್ನು ಕಂಡೆನ್ಸರ್‌ಗೆ ಹಿಂದೆ ತಳ್ಳುತ್ತದೆ, ಹೆಚ್ಚು ಟ್ಯೂಬ್ ಮುಳುಗುತ್ತವೆ, ಕಾಲಮ್ ಪ್ರೆಶರ್ ಏರುತ್ತದೆ. ಅಂದರೆ ನಿಮ್ಮಲ್ಲಿ ಕಾಟ ಕೊಡುತ್ತಿರುವ ಮುಳುಗಾಟವನ್ನೇ ಅಲ್ಲಿ ಕಂಟ್ರೋಲ್‌ಗೆ ಬಳಸುತ್ತಾರೆ. ಅಲ್ಲಿ ಪೈಪು ಸದಾ ತುಂಬಿಯೇ ಇರುತ್ತದೆ, ಮತ್ತು ತಣ್ಣನೆಯ ದ್ರವ ಡ್ರಮ್‌ನ ತಳದಿಂದಲೇ ಒಳಬರಬೇಕು. ಮೇಲಿನಿಂದ ಸುರಿದರೆ ಬಿಸಿ ಆವಿಯ ಮೇಲೆ ಬಿದ್ದು ಒತ್ತಡ ಕುಸಿಯುತ್ತದೆ. 40 ಡಿಗ್ರಿಯ ಆಸುಪಾಸಿನಲ್ಲಿ ಪ್ರೊಪೇನ್ ತಾಪ ಒಂದು ಡಿಗ್ರಿ ಬದಲಾದರೆ ಆವಿ ಒತ್ತಡ ಸುಮಾರು 0.3 ಬಾರ್ ಬದಲಾಗುತ್ತದೆ, ಹಾಗಿರುವಾಗ ಮೇಲ್ಪದರವನ್ನು ಕಲಕಿದರೆ ಏನಾದೀತು ನೀವೇ ಊಹಿಸಿ. ನಿಮ್ಮ ತೆರೆದ ವೆಂಟ್‌ನ ಕಾಲಮ್‌ಗೆ ಈ ಏರ್ಪಾಟು ಬೇಕಿಲ್ಲ.

ಕೊನೆಯದು ಹಳೆಯ ಕಂಡೆನ್ಸರ್. ಜೋಡಿಸಬಹುದು, ಆದರೆ ಎರಡರ ಲಿಕ್ವಿಡ್ ಔಟ್‌ಲೆಟ್‌ಗಳನ್ನು ಮೇಲೇ ಒಂದು ಹೆಡರ್‌ಗೆ ಸೇರಿಸಬೇಡಿ. ಎರಡೂ ಕಂಡೆನ್ಸರ್‌ಗಳ ಒತ್ತಡ ನಷ್ಟ ಎಂದೂ ಒಂದೇ ಇರುವುದಿಲ್ಲ. ಸಲೀಸಾದ ಕಂಡೆನ್ಸರ್ ದಾಟಿ ಆವಿ ನುಗ್ಗುತ್ತದೆ, ಬಿಗಿಯಾದದ್ದರಲ್ಲಿ ದ್ರವ ನಿಂತು ಮುಳುಗುತ್ತದೆ. ಪ್ರತಿಯೊಂದಕ್ಕೂ ತನ್ನದೇ ಇಳಿಯುವ ಪೈಪು, ಅದರ ಬುಡದಲ್ಲಿ ಒಂದು ಯು ಸೀಲ್ (ದ್ರವ ನಿಂತು ಆವಿಯನ್ನು ತಡೆಯುವ ಯು ಆಕಾರದ ಬಾಗು), ಆಮೇಲೆ ಬೇಕಾದರೆ ಸೇರಿಸಿ. ಪ್ರತಿಯೊಂದಕ್ಕೂ ತನ್ನದೇ ವೆಂಟ್. ಸೀಲಿನ ಆಳ ಎರಡರ ಒತ್ತಡದ ವ್ಯತ್ಯಾಸಕ್ಕಿಂತ ಜಾಸ್ತಿ ಇರಬೇಕು. 0.03 ಕೆಜಿಗೆ 40 ಸೆಂ.ಮೀ. ಎಂದು ಆಗಲೇ ನೋಡಿದೆವು. ನಾನಾದರೆ 80 ಸೆಂ.ಮೀ.ನಿಂದ 1 ಮೀಟರ್ ಇಡುತ್ತೇನೆ. ನಿಮ್ಮ ಚಿಲ್ಡ್ ವಾಟರ್ ವೆಂಟ್ ಕಂಡೆನ್ಸರ್‌ನಿಂದ ಇಳಿಯುವ ಪೈಪಿಗೂ ಇದೇ ಮಾತು. ಸೀಲ್ ಬುಡಕ್ಕೆ ಡ್ರೇನ್ ವಾಲ್ವ್ ಮತ್ತು ಮೇಲೆ ತುಂಬಿಸಲು ಒಂದು 15 ಎನ್‌ಬಿ ತೋಟಿ ಇರಲಿ. ಶಟ್‌ಡೌನ್‌ನಲ್ಲಿ ಖಾಲಿ ಮಾಡಿದ ಸೀಲ್ ಸ್ಟಾರ್ಟ್‌ಅಪ್ ದಿನ ಒಣಗಿರುತ್ತದೆ, ಆವಿ ಅದರಲ್ಲೇ ನುಗ್ಗುತ್ತದೆ. ಸ್ಟೀಮ್ ಬಿಡುವ ಮೊದಲು ಸೀಲ್‌ಗೆ ಮೆಥನಾಲ್ ತುಂಬಿಸಬೇಕು ಎಂಬ ಸಾಲನ್ನು ಎಸ್‌ಒಪಿಯಲ್ಲಿ ಸೇರಿಸಿ, ಟಿಕ್ ಹಾಕಲು ಜಾಗ ಬಿಡಿ.